ಕೊನೆಯ ಸಂಬಳ ಯಾಕೆ ಕೈಗೆ ಬರಲಿಲ್ಲ?

“ಅಕ್ಕಾ, ಪೇಪರ್ ಹಾಕಿ ಹತ್ತು ದಿನ ಆಯ್ತು. ಈ ತಿಂಗಳ ಸಂಬಳ ತಡೆಹಿಡಿದಿದ್ದೀವಿ ಅಂತ ಎಚ್‌ಆರ್‌ನಿಂದ ಮೇಲ್ ಬಂದಿದೆ. ಇನ್ನು ಹೊರಡೋವರೆಗೂ ಒಂದು ಪೈಸೆ ಕೊಡಲ್ಲವಂತೆ. ಹೀಗೆ ಮಾಡೋಕೆ ಇವರಿಗೆ ಅಧಿಕಾರ ಇದೆಯಾ? ಕಂಪ್ಲೇಂಟ್ ಕೊಡಬಹುದಾ?”

ಸಿಂಗಪುರದಲ್ಲಿರುವ ಓದುಗರೊಬ್ಬರು ಕಳೆದ ವಾರ ಕಳಿಸಿದ ಮೆಸೇಜ್ ಇದು. ಇಂಥದ್ದು ವರ್ಷಕ್ಕೆ ನಾಲ್ಕೈದಾದರೂ ಬರುತ್ತವೆ, ಅದಕ್ಕೇ ಈ ಸಲದ ಅಂಕಣ ಪೂರ್ತಿ ಇದಕ್ಕೇ ಇರಲಿ ಅಂದುಕೊಂಡೆ.

ಮೊದಲು ನೇರ ಉತ್ತರ: ಕಂಪ್ಲೇಂಟ್ ಕೊಡಕ್ಕಾಗಲ್ಲ. ಸಂಬಳ ತಡೆಹಿಡಿಯದಿದ್ದರೆ ತಪ್ಪು ಕಂಪನಿಯದಾಗುತ್ತದೆ. ಅಲ್ಲಿನ ಕಾನೂನೇ ಹಾಗಿದೆ. ನಾನು ಸಿಂಗಪುರದಲ್ಲಿ ಆರು ವರ್ಷ ಪೇರೋಲ್ ನೋಡಿಕೊಳ್ಳುತ್ತಿದ್ದವಳು. ನಿಮಗೆ ಬಂದಂಥ ಮೇಲ್‌ಗಳನ್ನು ನೂರಾರು ಜನಕ್ಕೆ ನಾನೇ ಕಳಿಸಿದ್ದೇನೆ. ಆ ಕುರ್ಚಿಯಲ್ಲಿ ಕೂತವರ ಬಗ್ಗೆ ಸ್ವಲ್ಪ ಕನಿಕರ ಇರಲಿ!

ಯಾಕೆ ಹೀಗೆ ಅನ್ನೋದು ಗೊತ್ತಾದರೆ ಅರ್ಧ ಸಿಟ್ಟು ಇಳಿಯುತ್ತೆ. ನಮ್ಮಲ್ಲಿ ಸಂಬಳದಿಂದ ತಿಂಗಳು ತಿಂಗಳೂ ಟಿಡಿಎಸ್ ಕತ್ತರಿಸುತ್ತಾರೆ, ಕೆಲಸ ಬಿಡುವ ಹೊತ್ತಿಗೆ ಸರ್ಕಾರಕ್ಕೆ ಸೇರಬೇಕಾದ್ದು ಬಹುತೇಕ ಸೇರಿರುತ್ತದೆ. ಸಿಂಗಪುರದಲ್ಲಿ ಆ ಪದ್ಧತಿ ಇಲ್ಲ. ನಮ್ಮಂಥ ವಿದೇಶಿಯರಿಗೆ ಅಲ್ಲಿನ ಭವಿಷ್ಯನಿಧಿ ಸಿಪಿಎಫ್ ಕೂಡ ಇಲ್ಲ. ಹಾಗಾಗಿ ಒಪ್ಪಿಕೊಂಡ ಸಂಬಳ ಹೆಚ್ಚುಕಮ್ಮಿ ಹಾಗೇ ಖಾತೆಗೆ ಬಂದು ಬೀಳುತ್ತದೆ. ಮೊದಲ ತಿಂಗಳು ಎಲ್ಲರಿಗೂ ಹಬ್ಬ.

ತೆರಿಗೆ ಬರೋದು ಮುಂದಿನ ವರ್ಷ. ಜನವರಿಯಿಂದ ಡಿಸೆಂಬರ್‌ವರೆಗಿನ ಗಳಿಕೆಯ ಲೆಕ್ಕವನ್ನು ಮರುವರ್ಷ ಏಪ್ರಿಲ್ 18ರೊಳಗೆ ಆನ್‌ಲೈನ್‌ನಲ್ಲಿ ಕೊಡಬೇಕು. ಆಮೇಲೆ ತೆರಿಗೆ ಇಲಾಖೆಯಿಂದ, ಅಲ್ಲಿನವರ ಬಾಯಲ್ಲಿ ‘ಐರಾಸ್’, ಬಿಲ್ ಬರುತ್ತದೆ. ಒಂದೇ ಸಲ ಕಟ್ಟಬಹುದು, ಇಲ್ಲವೇ ‘ಜೈರೊ’ ಅನ್ನೋ ವ್ಯವಸ್ಥೆಯಲ್ಲಿ ಬ್ಯಾಂಕಿನಿಂದ 12 ಕಂತುಗಳಲ್ಲಿ ಬಡ್ಡಿಯಿಲ್ಲದೆ ಕಟ್ಟಬಹುದು. ನಮ್ಮವರೆಲ್ಲ ಕಂತೇ ಹಿಡಿಯುತ್ತಾರೆ, ಅದರಲ್ಲಿ ತಪ್ಪೇನಿಲ್ಲ.

ಅಂದರೆ ಸಿಂಗಪುರದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಯಾವತ್ತೂ ಆ ಸರ್ಕಾರಕ್ಕೆ ಒಂದಿಷ್ಟು ಸಾಲಗಾರರೇ. ಊರಲ್ಲೇ ಇರುವ ತನಕ ಸರಿ. ವಿಮಾನ ಹತ್ತಿ ಹೋದ ಮೇಲೆ ವಸೂಲಿ ಮಾಡೋದು ಯಾರಿಂದ? ಅದಕ್ಕೇ ಕಂಪನಿಯ ಕೈಗೆ ಹಗ್ಗ ಕೊಟ್ಟಿದ್ದಾರೆ. ಸಿಂಗಪುರದ ಪ್ರಜೆಯಲ್ಲದ ಉದ್ಯೋಗಿ ಕೆಲಸ ಬಿಟ್ಟರೆ, ಅಥವಾ ಮೂರು ತಿಂಗಳಿಗಿಂತ ಹೆಚ್ಚು ಕಾಲ ದೇಶ ಬಿಟ್ಟು ಹೊರಟರೆ, ಕನಿಷ್ಠ ಒಂದು ತಿಂಗಳು ಮೊದಲೇ ಕಂಪನಿ ‘ಐಆರ್ 21’ ಎಂಬ ಫಾರಂ ಸಲ್ಲಿಸಬೇಕು. ಇವರು ಬಿಡುತ್ತಾರೆ ಅಂತ ಗೊತ್ತಾದ ದಿನದಿಂದ ಅವರಿಗೆ ಕೊಡಬೇಕಾದ ಹಣವನ್ನೆಲ್ಲ ಹಿಡಿದಿಟ್ಟುಕೊಳ್ಳಬೇಕು. ಸಂಬಳ, ಬೋನಸ್, ರಜೆಯ ದುಡ್ಡು, ಓವರ್‌ಟೈಮ್, ಅಲೋವೆನ್ಸ್ ಎಲ್ಲವೂ ಇದರಲ್ಲಿ ಬಂತು.

ಗಮನಿಸಿ, ಅಲ್ಲೇ ಒಂದು ಕಂಪನಿ ಬಿಟ್ಟು ಪಕ್ಕದ ಕಟ್ಟಡದ ಕಂಪನಿ ಸೇರಿದರೂ ಈ ಫಾರಂ ತಪ್ಪಿದ್ದಲ್ಲ. ಪಿಆರ್ ಇರುವವರಿಗೆ ಮಾತ್ರ ವಿನಾಯಿತಿ ಇದೆ. ಅವರು ಶಾಶ್ವತವಾಗಿ ದೇಶ ಬಿಡುವಾಗಷ್ಟೇ ಬೇಕಾಗುತ್ತದೆ.

ಇದನ್ನು ಕಾನೂನಿನ ಭಾಷೆಯಲ್ಲಿ ಹೇಳೋದು ಸುಲಭ. ಎದುರಿಗೆ ಕೂತ ಮನುಷ್ಯನಿಗೆ ಹೇಳೋದು ಬೇರೆ.

ದಾವಣಗೆರೆ ಕಡೆಯ ಒಬ್ಬ ಹುಡುಗ ನಮ್ಮ ಆಫೀಸಿನಲ್ಲಿದ್ದ. ತಂಗಿಯ ಮದುವೆ ಗೊತ್ತಾಗಿತ್ತು. ಅಪ್ಪನಿಗೆ ಪಾರ್ಶ್ವವಾಯು ಹೊಡೆದಿದ್ದರಿಂದ ಇವನೇ ಊರಿಗೆ ಮರಳಿ ಮನೆ ಹಿಡಿಯಬೇಕಿತ್ತು. ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟ. ಕೊನೆಯ ಎರಡು ಸಂಬಳದಲ್ಲಿ ಛತ್ರ, ಅಡುಗೆಯವರು, ಬೆಳ್ಳಿ ಸಾಮಾನು ಅಂತ ಪೈಸೆ ಪೈಸೆ ಲೆಕ್ಕ ಹಾಕಿಟ್ಟುಕೊಂಡಿದ್ದ. ನನ್ನ ಮೇಲ್ ನೋಡಿ ಸೀದಾ ನನ್ನ ಟೇಬಲ್ಲಿಗೆ ಬಂದ. ಕೂಗಾಡಲಿಲ್ಲ. “ಮೇಡಂ, ನಾನು ಓಡಿ ಹೋಗೋನ ಥರ ಕಾಣ್ತೀನಾ?” ಅಂತಷ್ಟೇ ಕೇಳಿದ.

ಏನು ಹೇಳೋದು? ನೀನು ಓಡಿ ಹೋಗಲ್ಲ ಅಂತ ನನಗೆ ಗೊತ್ತು, ಫಾರಂಗೆ ಗೊತ್ತಿಲ್ಲವಲ್ಲ ಮಾರಾಯ, ಅಂದೆ. ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಅವತ್ತೇ ಸಂಜೆ ಐಆರ್ 21 ಸಲ್ಲಿಸಿದೆ. ಐರಾಸ್ ಉತ್ತರ ಕೊಡುವವರೆಗೆ, ಅಥವಾ ಫಾರಂ ಅವರ ಕೈಸೇರಿ 30 ದಿನ ಆಗುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿತನಕ ಮಾತ್ರ ಕಂಪನಿ ದುಡ್ಡು ಹಿಡಿದಿಡಬೇಕಾದ್ದು. ಆನ್‌ಲೈನ್‌ನಲ್ಲಿ ಕೊಟ್ಟರೆ ಉತ್ತರ ಸಾಮಾನ್ಯವಾಗಿ ಬೇಗ ಬರುತ್ತದೆ. ಅವನದ್ದೂ ಬೇಗ ಬಂತು. ತೆರಿಗೆ ಕಳೆದು ಉಳಿದದ್ದು ಅವನ ಕೈ ಸೇರಿತು. ಆದರೂ ನಡುವಿನ ಆ ದಿನಗಳಲ್ಲಿ ಛತ್ರದ ಅಡ್ವಾನ್ಸಿಗೆ ರೂಮ್‌ಮೇಟ್ ಹತ್ತಿರ ಕೈಚಾಚಬೇಕಾಯಿತು. ಅದು ಅವನಿಗೆ ಬಹಳ ನೋವಾಗಿತ್ತು.

ಹಾಗಾಗಿ ಮೆಸೇಜ್ ಕಳಿಸಿದವರಿಗೆ ನನ್ನ ಮೊದಲ ಮಾತು: ಎಚ್‌ಆರ್ ಜೊತೆ ಜಗಳ ಬೇಡ, “ಐಆರ್ 21 ಯಾವ ತಾರೀಕಿಗೆ ಸಲ್ಲಿಸಿದ್ದೀರಿ, ಒಂದು ಪ್ರತಿ ಕೊಡಿ” ಅಂತ ಕೇಳಿ. 30 ದಿನದ ಗಡಿಯಾರ ಓಡಲು ಶುರುವಾಗೋದು ನೀವು ರಾಜೀನಾಮೆ ಕೊಟ್ಟ ದಿನದಿಂದ ಅಲ್ಲ, ಆ ಫಾರಂ ಐರಾಸ್‌ಗೆ ತಲುಪಿದ ದಿನದಿಂದ. ಸಂಬಳ ನಿಲ್ಲಿಸೋದನ್ನು ಕೂಡಲೇ ಮಾಡಿ, ಫಾರಂ ಕಳಿಸೋದನ್ನು ಮಾತ್ರ ಕೊನೆಯ ವಾರಕ್ಕೆ ತಳ್ಳುವ ಕಂಪನಿಗಳನ್ನು ನಾನು ನೋಡಿದ್ದೇನೆ. ನಿಮ್ಮ ಹಕ್ಕು ಇರೋದು ಅಲ್ಲಿ, ಅಲ್ಲಿ ಪಟ್ಟು ಹಿಡಿಯಿರಿ. ಪ್ರತಿ ಸಿಕ್ಕಿದ ಮೇಲೆ ಅಂಕಿಗಳನ್ನು ನೀವೂ ಒಮ್ಮೆ ಓದಿ. ಸೇರಿದ ತಾರೀಕು ತಪ್ಪಾಗಿದ್ದರೆ ತೆರಿಗೆಯೇ ಬದಲಾಗಿಬಿಡುತ್ತದೆ. ಯಾಕೆ ಅಂತ ಮುಂದೆ ಹೇಳ್ತೀನಿ.

ಇನ್ನೂ ಪೇಪರ್ ಹಾಕದವರಿಗೆ ಒಂದು ಮಾತು. ಸಂಬಳ ಖಾತೆಗೆ ಬಿದ್ದ ಮರುದಿನ ರಾಜೀನಾಮೆ ಕೊಡಿ, ಹಿಂದಿನ ದಿನ ಬೇಡ. ಕಂಪನಿಗೆ ಗೊತ್ತಾದ ದಿನದಿಂದ ತಾನೇ ತಡೆ ಬೀಳೋದು? ಇದರಲ್ಲಿ ಕಳ್ಳತನ ಏನೂ ಇಲ್ಲ, ತೆರಿಗೆ ಅಷ್ಟೇ ಇರುತ್ತದೆ. ಕೈಯಲ್ಲಿ ಒಂದು ತಿಂಗಳ ಖರ್ಚಿಗೆ ಇರುತ್ತದೆ, ಅಷ್ಟೆ.

ಈಗ ಎಷ್ಟು ಹೋಗುತ್ತದೆ ಅನ್ನೋದು. ಒಂದು ಉದಾಹರಣೆ ತೆಗೆದುಕೊಳ್ಳೋಣ. ತಿಂಗಳಿಗೆ 8,000 ಸಿಂಗಪುರ ಡಾಲರ್ ಸಂಬಳ, ಮೂರ್ನಾಲ್ಕು ವರ್ಷದಿಂದ ಅಲ್ಲೇ ಇದ್ದಾರೆ, ಜೂನ್ 30ಕ್ಕೆ ಬಿಡುತ್ತಾರೆ ಅನ್ನಿ.

ಹಿಂದಿನ ವರ್ಷದ ಗಳಿಕೆ 96,000. ದುಡಿಯುವವರಿಗೆ ಕೊಡುವ 1,000 ಡಾಲರ್ ರಿಯಾಯಿತಿ ಕಳೆದರೆ 95,000. ಈಗಿನ ದರದಲ್ಲಿ ಮೊದಲ 80,000ಕ್ಕೆ 3,350 ಡಾಲರ್ ತೆರಿಗೆ, ಮೇಲಿನ 15,000ಕ್ಕೆ ಶೇ 11.5ರಂತೆ 1,725. ಒಟ್ಟು 5,075. ಇದನ್ನು 12 ಕಂತು ಮಾಡಿದರೆ ತಿಂಗಳಿಗೆ 423ರ ಹತ್ತಿರ. ಮೇ, ಜೂನ್ ಎರಡು ಕಂತು ಹೋಗಿದೆ ಅಂದುಕೊಂಡರೆ ಸುಮಾರು 4,229 ಬಾಕಿ. ಊರು ಬಿಡುವಾಗ ಕಂತಿನ ಸೌಲಭ್ಯ ಮುಗಿಯಿತು, ಅಷ್ಟೂ ಒಮ್ಮೆಗೇ ಕೊಡಬೇಕು.

ಅದರ ಮೇಲೆ ಈ ವರ್ಷದ್ದು. ಜನವರಿಯಿಂದ ಜೂನ್‌ವರೆಗೆ 48,000, ರಿಯಾಯಿತಿ ಕಳೆದು 47,000. ಮೊದಲ 40,000ಕ್ಕೆ 550, ಉಳಿದ 7,000ಕ್ಕೆ ಶೇ 7ರಂತೆ 490. ಒಟ್ಟು 1,040. ಎರಡೂ ಸೇರಿ 5,269 ಡಾಲರ್. ಕೊನೆಯ ತಿಂಗಳ 8,000ದಲ್ಲಿ ಕೈಗೆ ಬರುವುದು 2,731.

ನೋಡಿ, ಇಲ್ಲಿ ಹೊಸದಾಗಿ ಯಾರೂ ಏನೂ ಕಿತ್ತುಕೊಂಡಿಲ್ಲ. ಈ ವರ್ಷದ ತೆರಿಗೆ ಬರೀ 1,040. ನೋವು ಕೊಡೋದು ಹಳೆ ಬಾಕಿ. ಆದರೆ ಮನೆ ಖಾಲಿ ಮಾಡಿ, ಸಾಮಾನು ಹಡಗಿಗೆ ಹಾಕಿ, ಟಿಕೆಟ್ ತೆಗೆಯುವ ತಿಂಗಳಲ್ಲೇ ಎರಡು ವರ್ಷದ ತೆರಿಗೆ ಒಟ್ಟಿಗೆ ಎದುರಾಗುತ್ತಲ್ಲ, ಅದಕ್ಕೇ ಜನ ತತ್ತರಿಸೋದು. ಬೆಂಗಳೂರಿನ ಫ್ಲ್ಯಾಟಿನ ಇಎಂಐ ಇರುವವರ ಕಥೆ ಕೇಳೋದೇ ಬೇಡ. ಲೇ-ಆಫ್ ಆದವರದ್ದು ಇನ್ನೂ ಕಷ್ಟ. ಕೆಲಸದ ಪಾಸ್ ರದ್ದಾದ ಮೇಲೆ ಸಾಮಾನ್ಯವಾಗಿ 30 ದಿನ ಇರಲು ಅವಕಾಶ ಕೊಡುತ್ತಾರೆ, ಹೆಂಡತಿ ಮಕ್ಕಳ ಪಾಸೂ ಜೊತೆಗೇ ಹೋಗುತ್ತದೆ. ಸಿಂಗಪುರದಲ್ಲಿ ಇರುವವರು ಯಾವಾಗಲೂ ಒಂದು ವರ್ಷದ ತೆರಿಗೆಯಷ್ಟು ದುಡ್ಡನ್ನು ಬೇರೆ ಖಾತೆಯಲ್ಲಿ ಇಟ್ಟುಕೊಂಡಿರಿ ಅಂತ ನಾನು ಹೇಳೋದು ಇದಕ್ಕೇ. ಅದು ನಿಮ್ಮ ಖಾತೆಯಲ್ಲಿದ್ದರೂ ನಿಮ್ಮದಲ್ಲ.

ಹಿಡಿದಿಟ್ಟ ಹಣ ತೆರಿಗೆಗೆ ಸಾಲದಿದ್ದರೆ? ಉಳಿದದ್ದನ್ನು ನೀವೇ ಕಟ್ಟಬೇಕು. ಕಟ್ಟದೆ ಹೊರಟರೆ ದೇಶ ಬಿಡದಂತೆ ತಡೆಯುವ ಅಧಿಕಾರ ಐರಾಸ್‌ಗೆ ಇದೆ. ಚಾಂಗಿಯಲ್ಲಿ ಮಕ್ಕಳನ್ನು ಕರಕೊಂಡು ಕ್ಯೂನಲ್ಲಿ ನಿಂತಾಗ ಅದು ಗೊತ್ತಾಗೋದು ಬೇಡ.

ಇನ್ನು ತಾರೀಕಿನ ವಿಷಯ. ಇದು ಹೊಸದಾಗಿ ಹೋದವರಿಗೆ. ಒಂದು ಕ್ಯಾಲೆಂಡರ್ ವರ್ಷದಲ್ಲಿ 183 ದಿನ ಅಥವಾ ಹೆಚ್ಚು ಇದ್ದರೆ ಅಥವಾ ಕೆಲಸ ಮಾಡಿದರೆ ನೀವು ತೆರಿಗೆ ಲೆಕ್ಕದಲ್ಲಿ ‘ನಿವಾಸಿ’. ಮೇಲಿನ ಮೆಟ್ಟಿಲು ದರ ಸಿಗೋದು ನಿವಾಸಿಗಳಿಗೆ. 61ರಿಂದ 182 ದಿನ ಆದರೆ ಅನಿವಾಸಿ: ಸಂಬಳದ ಮೇಲೆ ನೇರ ಶೇ 15, ಇಲ್ಲವೇ ನಿವಾಸಿ ದರದ ತೆರಿಗೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದು. ರಿಯಾಯಿತಿಗಳೂ ಇಲ್ಲ. 60 ದಿನ ಅಥವಾ ಅದಕ್ಕಿಂತ ಕಡಿಮೆ ಕೆಲಸ ಮಾಡಿದವರಿಗೆ ಸಾಮಾನ್ಯವಾಗಿ ತೆರಿಗೆಯೇ ಇಲ್ಲ. ಡೈರೆಕ್ಟರ್‌ಗಳು, ಕಲಾವಿದರು ಮುಂತಾದವರಿಗೆ ಆ ಮಾಫಿ ಅನ್ವಯಿಸಲ್ಲ.

ಫೆಬ್ರವರಿ 1ಕ್ಕೆ ಸೇರಿ ಜೂನ್ 30ಕ್ಕೆ ಬಿಟ್ಟವರಿಗೆ 150 ದಿನ ಆಯಿತು. ಅದೇ 8,000 ಸಂಬಳಕ್ಕೆ ಐದು ತಿಂಗಳಲ್ಲಿ 40,000 ಗಳಿಕೆ, ತೆರಿಗೆ 6,000. ನಿವಾಸಿಯಾಗಿದ್ದರೆ ಅದೇ ಗಳಿಕೆಗೆ ಆಗುತ್ತಿದ್ದದ್ದು 515! ಇನ್ನೂ 33 ದಿನ ಕೆಲಸ ಮುಂದುವರಿಸಿದ್ದರೆ ಸಾವಿರಾರು ಡಾಲರ್ ಉಳಿಯುತ್ತಿತ್ತು. ಹೊಸ ಆಫರ್ ಬಂತು ಅಂತ ಐದನೇ ತಿಂಗಳಿಗೇ ಬಿಡುವವರು ಕ್ಯಾಲೆಂಡರ್ ಒಮ್ಮೆ ತೆರೆದು ನೋಡಿ.

ಹಾಗಂತ ಹಳಬರು ಗಾಬರಿಯಾಗಬೇಕಿಲ್ಲ. ಜನವರಿ 1ರಿಂದ ಜೂನ್ 30ಕ್ಕೆ 181 ದಿನ, ಎರಡು ದಿನದಲ್ಲಿ ತಪ್ಪಿಹೋಯಿತು ಅಂತ ಒಬ್ಬರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದರು. ಸತತ ಮೂರು ಕ್ಯಾಲೆಂಡರ್ ವರ್ಷಗಳಲ್ಲಿ ಕೆಲಸದಲ್ಲಿದ್ದವರನ್ನು ಮೊದಲ ಮತ್ತು ಕೊನೆಯ ವರ್ಷ ದಿನ ಕಡಿಮೆಯಿದ್ದರೂ ನಿವಾಸಿ ಅಂತಲೇ ನೋಡುತ್ತಾರೆ. ಎರಡು ವರ್ಷಕ್ಕೆ ಹರಡಿದ ಒಂದೇ ನಿರಂತರ ಅವಧಿ ಒಟ್ಟು 183 ದಿನ ಮುಟ್ಟಿದರೂ ಸಾಕು. ಡೈರೆಕ್ಟರ್‌ಗಳ ವಿಷಯ ಇಲ್ಲೂ ಬೇರೆ. ಸೇರಿದ ತಾರೀಕು ಸರಿಯಾಗಿ ಬರೆದಿದ್ದಾರಾ ನೋಡಿ ಅಂದದ್ದು ಇದಕ್ಕೇ.

ಷೇರು ಸಿಗುವ ಐಟಿ ಮಂದಿಗೆ ಇನ್ನೊಂದು ಗಂಟು ಇದೆ. ಇದು ಬಹಳ ಜನಕ್ಕೆ ಗೊತ್ತಿರಲ್ಲ. ಅಲ್ಲಿ ಕೆಲಸದಲ್ಲಿದ್ದಾಗ ಕೊಟ್ಟ ಸ್ಟಾಕ್ ಆಪ್ಷನ್ ಅಥವಾ ಷೇರು ಇನ್ನೂ ಪೂರ್ತಿ ನಿಮ್ಮ ಕೈಸೇರಿಲ್ಲ, ಮುಂದೆ ಸೇರಲಿದೆ ಅನ್ನಿ. ಕೆಲಸ ಮುಗಿಯುವ ದಿನಕ್ಕೆ ಒಂದು ತಿಂಗಳು ಮೊದಲೇ ಅದು ಕೈಸೇರಿತು ಅಂತ ಭಾವಿಸಿ, ಅವತ್ತಿನ ಮಾರುಕಟ್ಟೆ ಬೆಲೆಯಲ್ಲಿ ಲಾಭ ಲೆಕ್ಕ ಹಾಕಿ ತೆರಿಗೆ ಹಾಕುತ್ತಾರೆ. ಬಿಟ್ಟ ಕೂಡಲೇ ರದ್ದಾಗುವ ಷೇರಿಗೆ ಈ ತೊಂದರೆ ಇಲ್ಲ. ಆದರೆ ಅದೇ ಕಂಪನಿಯ ಬೆಂಗಳೂರು ಆಫೀಸಿಗೆ ಟ್ರಾನ್ಸ್‌ಫರ್ ತಗೊಂಡು ಬರುವವರ ಷೇರು ಜೀವಂತ ಇರುತ್ತಲ್ಲ, ಅವರಿಗೆ ಇದು ಬಡಿಯುತ್ತದೆ. ಕೈಗೆ ಬಾರದ ಷೇರಿಗೆ ಕೈಯಿಂದ ದುಡ್ಡು ಕಟ್ಟಬೇಕು. ಆಮೇಲೆ ಷೇರು ಬಿದ್ದು ನಿಜವಾದ ಲಾಭ ಕಡಿಮೆಯಾದರೆ, ನಾಲ್ಕು ವರ್ಷದ ಮಿತಿಯೊಳಗೆ ಮರುಲೆಕ್ಕ ಕೇಳಬಹುದು. ಕೆಲವು ಕಂಪನಿಗಳು ಮೊದಲೇ ಐರಾಸ್ ಒಪ್ಪಿಗೆ ಪಡೆದು, ಷೇರು ನಿಜವಾಗಿ ಸಿಕ್ಕಾಗ ತಾವೇ ವರದಿ ಮಾಡುವ ವ್ಯವಸ್ಥೆ ಇಟ್ಟುಕೊಂಡಿರುತ್ತವೆ. ನಿಮ್ಮ ಕಂಪನಿ ಆ ಪಟ್ಟಿಯಲ್ಲಿದೆಯಾ ಅಂತ ಟ್ರಾನ್ಸ್‌ಫರ್‌ಗೆ ಒಪ್ಪುವ ಮೊದಲೇ ಕೇಳಿ. ಒಪ್ಪಿ ಆದ ಮೇಲೆ ಕೇಳಿದರೆ ಉತ್ತರ ಬರೋದು ನಿಧಾನ, ಅನುಭವದ ಮಾತು.

ಬ್ಯಾಂಕ್ ಖಾತೆಯನ್ನು ಹೊರಡುವ ವಾರವೇ ಮುಚ್ಚಬೇಡಿ. ಉಳಿದ ಹಣ, ರಿಫಂಡ್, ಬಾಡಿಗೆಯ ಡಿಪಾಸಿಟ್ ಎಲ್ಲ ಅಲ್ಲಿಗೇ ಬರಬೇಕು.

ಇಷ್ಟಕ್ಕೆ ಸಿಂಗಪುರ ಮುಗಿಯಿತು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಎರಡನೇ ಲೆಕ್ಕ ಶುರು. ಅಲ್ಲಿ ವರ್ಷ ಜನವರಿಗೆ, ಇಲ್ಲಿ ಏಪ್ರಿಲ್‌ಗೆ. ಈ ಮೂರು ತಿಂಗಳ ಅಂತರದಲ್ಲೇ ಎಡವೋದು.

ಜುಲೈ 1ಕ್ಕೆ ಬಂದವರು ಮಾರ್ಚ್ 31ರವರೆಗೆ ಇಲ್ಲಿ 274 ದಿನ ಇರುತ್ತಾರೆ. 182 ದಾಟಿತು, ಆ ಹಣಕಾಸು ವರ್ಷಕ್ಕೆ ಭಾರತದ ನಿವಾಸಿ. ಹಾಗಾದರೆ ಏಪ್ರಿಲ್‌ನಿಂದ ಜೂನ್‌ವರೆಗಿನ ಸಿಂಗಪುರ ಸಂಬಳಕ್ಕೆ ಇಲ್ಲಿ ತೆರಿಗೆ ಇದೆಯಾ? ಎಷ್ಟು ವರ್ಷ ಹೊರಗಿದ್ದಿರಿ ಅನ್ನೋದರ ಮೇಲೆ ಹೋಗುತ್ತದೆ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ ಏಳು ವರ್ಷಗಳಲ್ಲಿ ಭಾರತದಲ್ಲಿ ಇದ್ದದ್ದು ಒಟ್ಟು 729 ದಿನ ಮೀರದಿದ್ದರೆ, ನಿಮ್ಮನ್ನು ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಅನ್ನುತ್ತಾರೆ. ಹೆಸರು ವಿಚಿತ್ರ, ಆದರೆ ಒಳ್ಳೆಯ ಸ್ಥಾನ: ಹೊರಗೆ ದುಡಿದು ಹೊರಗೇ ಪಡೆದ ಸಂಬಳವನ್ನು ಇಲ್ಲಿ ಮುಟ್ಟಲ್ಲ. ಆರೇಳು ವರ್ಷ ಇದ್ದು ಬಂದವರಿಗೆ ಸಾಮಾನ್ಯವಾಗಿ ಇದು ಸಿಗುತ್ತದೆ.

ಎರಡು ಮೂರು ವರ್ಷ ಇದ್ದು ಬಂದವರಿಗೆ ಸಿಗಲ್ಲ. ಏಳು ವರ್ಷದಲ್ಲಿ ನಾಲ್ಕು ವರ್ಷ ಊರಲ್ಲೇ ಇದ್ದವರಿಗೆ 729 ಎಂದೋ ದಾಟಿರುತ್ತದೆ. ಅವರು ಆ ಮೂರು ತಿಂಗಳ ಸಿಂಗಪುರ ಸಂಬಳವನ್ನು ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ಅಲ್ಲಿ ಕಟ್ಟಿದ ತೆರಿಗೆಗೆ ಕ್ರೆಡಿಟ್ ಸಿಗುತ್ತದೆ, ಅದಕ್ಕೆ ಪ್ರತ್ಯೇಕ ಫಾರಂ ಇದೆ. ಆದರೆ ಅಲ್ಲಿ ಶೇ 7 ಕಟ್ಟಿ ಇಲ್ಲಿ ಶೇ 30ರ ಮೆಟ್ಟಿಲಲ್ಲಿ ಇದ್ದರೆ ನಡುವಿನ ವ್ಯತ್ಯಾಸ ಕಟ್ಟಲೇಬೇಕು. ಅಲ್ಲಿನ ಬ್ಯಾಂಕ್ ಖಾತೆ, ಷೇರುಗಳ ವಿವರವನ್ನೂ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತುಂಬಬೇಕು. ಖಾತೆ ಮುಚ್ಚಬೇಡಿ ಅಂದೆನಲ್ಲ, ಇಟ್ಟುಕೊಂಡರೆ ತೋರಿಸಲೂಬೇಕು. ಸಣ್ಣ ಮೊತ್ತ, ಯಾರು ಕೇಳ್ತಾರೆ ಅನ್ನಬೇಡಿ. ದೇಶ ದೇಶಗಳ ನಡುವೆ ಖಾತೆಗಳ ಮಾಹಿತಿ ತಾನಾಗೇ ಹಂಚಿಕೆಯಾಗುವ ಕಾಲ ಇದು.

“ಅಕ್ಟೋಬರ್ ದಾಟಿ ಬಂದರೆ 182 ಆಗಲ್ಲ ಅಲ್ವಾ?” ಅಂತ ಜಾಣರು ಕೇಳುತ್ತಾರೆ. ಖಾಯಂ ಆಗಿ ಮರಳುವವರಿಗೆ ಇನ್ನೊಂದು ನಿಯಮವೂ ಕಾದಿರುತ್ತದೆ: ಆ ವರ್ಷ 60 ದಿನ, ಜೊತೆಗೆ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದರೂ ನಿವಾಸಿಯೇ. ಏಪ್ರಿಲ್ ರಜೆಗೆ ಬಂದು ಅಜ್ಜಿ ಮನೆಯಲ್ಲಿ ಕಳೆದ ಎರಡು ವಾರವೂ ಇದರಲ್ಲಿ ಸೇರುತ್ತದೆ. ಪಾಸ್‌ಪೋರ್ಟಿನ ಸೀಲುಗಳನ್ನು ಮುಂದಿಟ್ಟುಕೊಂಡು ನಿಮ್ಮ ಸಿಎ ಹತ್ತಿರ ಲೆಕ್ಕ ಹಾಕಿಸಿ, ಟಿಕೆಟ್ ತೆಗೆಯುವ ಮೊದಲು.

ಬೇರೆ ದೇಶದಲ್ಲಿರುವವರು ಇದನ್ನೇ ನಂಬಿ ಕೂರಬೇಡಿ. ಜರ್ಮನಿಯಲ್ಲಿ ಕಥೆ ಹೆಚ್ಚಾಗಿ ಉಲ್ಟಾ: ಇಡೀ ವರ್ಷ ದುಡಿಯುತ್ತೀರಿ ಅಂದುಕೊಂಡು ತಿಂಗಳು ತಿಂಗಳೂ ತೆರಿಗೆ ಕತ್ತರಿಸಿರುತ್ತಾರೆ. ನಡುವೆ ಬಿಟ್ಟು ಬಂದು ರಿಟರ್ನ್ ಹಾಕಿದರೆ ಅನೇಕರಿಗೆ ವಾಪಸ್ ಬರುತ್ತದೆ, ಸೋಮಾರಿತನದಿಂದ ಬಿಡಬೇಡಿ. ಜಪಾನಿನಲ್ಲಿ ಊರಿನ ನಿವಾಸಿ ತೆರಿಗೆ ಜನವರಿ 1ಕ್ಕೆ ಯಾರ ವಿಳಾಸ ಅಲ್ಲಿದೆಯೋ ಅವರ ಮೇಲೆ, ಹಿಂದಿನ ವರ್ಷದ ಗಳಿಕೆಗೆ ಬೀಳುತ್ತದೆ. ಜನವರಿ 2ಕ್ಕೆ ಹೊರಟರೂ ಪೂರ್ತಿ ಕಟ್ಟಬೇಕು, ಡಿಸೆಂಬರ್ 31ರೊಳಗೆ ವಿಳಾಸ ತೆಗೆಸಿ ಹೊರಟರೆ ಇಲ್ಲ. ಅಮೆರಿಕದ್ದು ಒಂದು ಇಡೀ ಅಂಕಣಕ್ಕೆ ಆಗುವಷ್ಟಿದೆ, ಇನ್ನೊಮ್ಮೆ ಬರೆಯುತ್ತೇನೆ.

ಸಿಂಗಪುರದವರಿಗೆ ಮಾತ್ರ ಈ ಅನುಮಾನ ಅಂದುಕೊಳ್ಳಬೇಡಿ. ಬಿಡದಿ ಕಡೆಯ ಕಾರ್ಖಾನೆಗೆ ಕೆಲಸಕ್ಕೆ ಬಂದು ಇಲ್ಲಿ ಸಂಬಳ ಪಡೆದ ಜಪಾನಿ ಎಂಜಿನಿಯರ್ ಮರಳುವಾಗ ನಮ್ಮ ಸರ್ಕಾರವೂ ತೆರಿಗೆಯ ನಿರಾಕ್ಷೇಪಣಾ ಪತ್ರ ಕೇಳುವ ನಿಯಮ ಇಟ್ಟುಕೊಂಡಿದೆ. ಇವರ ಬಾಕಿ ನಾವು ಕಟ್ಟುತ್ತೇವೆ ಅಂತ ಕಂಪನಿ ಮುಚ್ಚಳಿಕೆ ಬರೆದುಕೊಡಬೇಕು. 2024ರಲ್ಲಿ ‘ವಿದೇಶಕ್ಕೆ ಹೋಗುವ ಎಲ್ಲ ಭಾರತೀಯರಿಗೂ ತೆರಿಗೆ ಕ್ಲಿಯರೆನ್ಸ್ ಕಡ್ಡಾಯ’ ಅಂತ ವಾಟ್ಸ್ಆ್ಯಪ್‌ನಲ್ಲಿ ಓಡಾಡಿದ್ದು ನೆನಪಿರಬಹುದು. ಅದು ಹಾಗಲ್ಲ, ವಿಶೇಷ ಸಂದರ್ಭಗಳಲ್ಲಿ ಮಾತ್ರ ಅಂತ ಇಲಾಖೆಯೇ ಸ್ಪಷ್ಟಪಡಿಸಿತು.

ಹೊರಡುವ ಮುನ್ನ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬೇಕಾದ್ದು: ಐಆರ್ 21ರ ಪ್ರತಿ, ಎರಡೂ ವರ್ಷದ ತೆರಿಗೆ ಬಿಲ್, ಹಣ ಕಟ್ಟಿದ ರಸೀದಿ, ಎಲ್ಲ ತಿಂಗಳ ಪೇ ಸ್ಲಿಪ್. ಆಫೀಸಿನ ಇಮೇಲ್‌ನಲ್ಲಿ ಬೇಡ, ಸ್ವಂತದ್ದರಲ್ಲಿ. ಆಫೀಸಿನದು ಕೊನೆಯ ದಿನ ಸಂಜೆಗೇ ಲಾಕ್ ಆಗುತ್ತದೆ. ಇಲ್ಲಿನ ಸಿಎ ಅದೇ ಕಾಗದ ಕೇಳೋದು ಮರುವರ್ಷ ಜುಲೈನಲ್ಲಿ.